ಅಲಬಾಮಾದ ಶಾಸಕರಿಗೂ ಮೈಕಿನ ಮುಂದೆ ಕುಳಿತವರಿಗೂ ಒಂದು ಬಹಿರಂಗ ಪತ್ರ

ಮಾಂಟ್ಗೊಮೆರಿಯ ಶಾಸನಸಭೆಯ ಮಾನ್ಯ ಸದಸ್ಯರೇ, ಮುಂದೆ ಸದಸ್ಯರಾಗಬೇಕೆಂದಿರುವವರೇ, ಮಧ್ಯಾಹ್ನವಿಡೀ ರೇಡಿಯೊದಲ್ಲಿ ಫುಟ್‌ಬಾಲ್ ಮಾತನಾಡುವ ಮಹನೀಯರೇ,

ಈ ಪತ್ರ ಕನ್ನಡದಲ್ಲಿದೆ. ನಿಮಗೆ ಓದಲು ಬಾರದು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಮೆರಿಕದ ಈ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ಗೆ ರಾಕೆಟ್ ಕೆಲಸಕ್ಕೆಂದೂ ಸಾಫ್ಟ್‌ವೇರ್ ಕೆಲಸಕ್ಕೆಂದೂ ವರ್ಷವರ್ಷವೂ ನಮ್ಮ ಕಡೆಯವರು ಬಂದಿಳಿಯುತ್ತಾರೆ. ಬಂದ ವಾರದೊಳಗೆ ಅವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಉತ್ತರ ಹೇಳುವ ಮುಂಚೆ ಅವರು ಇದನ್ನು ಓದಿಕೊಳ್ಳಲಿ ಎಂಬುದು ನನ್ನ ಆಸೆ. ವಿಳಾಸ ನಿಮ್ಮದು, ಓದು ಅವರದು.

ಆ ಪ್ರಶ್ನೆ ನನಗೆ ಎದುರಾದದ್ದು 2010ರ ಆಗಸ್ಟಿನಲ್ಲಿ. ಬಾಡಿಗೆ ಮನೆಗೆ ಸೋಫಾ ತಂದ ಇಬ್ಬರು ಹುಡುಗರು ಅದನ್ನು ಹೊಸ್ತಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಹಿಡಿದುಕೊಂಡಿದ್ದಾಗ ಮುಂದಿನವನು ಕೇಳಿದ: "ಆಬರ್ನ್ ಕಡೆಯವರೋ, ಅಲಬಾಮಾ ಕಡೆಯವರೋ?" ನಾನು ದಾವಣಗೆರೆ ಕಡೆಯವನು ಎಂದೆ. ಅವನು ಸೋಫಾವನ್ನು ಅಲ್ಲೇ ಕೆಳಗಿಟ್ಟ. ತಮಾಷೆ ಮಾಡುತ್ತಿದ್ದೇನೋ, ನಿಜಕ್ಕೂ ಗೊತ್ತಿಲ್ಲವೋ ಎಂದು ನನ್ನ ಮುಖ ನೋಡಿದ. ಆಮೇಲೆ, ಅಂಗನವಾಡಿ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ, ಈ ರಾಜ್ಯದಲ್ಲಿ ಇರುವುದು ಎರಡೇ ಕಡೆ, ಮೂರನೆಯದಿಲ್ಲ, ಯೋಚಿಸಿ ಹೇಳಿ, ಆದರೆ ನವೆಂಬರಿನೊಳಗೆ ಹೇಳಿ ಎಂದ. ಹಿಂದಿನ ತುದಿ ಹಿಡಿದವನು ಪಾಪ, ಅಷ್ಟು ಹೊತ್ತೂ ಬಿಸಿಲಿನಲ್ಲಿ ನಿಂತಿದ್ದ. ಅವನು ಇನ್ನೊಂದು ಕಡೆಯವನಂತೆ.

ಓದುಗರಿಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, ತಲೆಗೆ ಶಿರಸ್ತ್ರಾಣ ಹಾಕಿಕೊಂಡು ಓಡುವ ಆಟ. ಅಲಬಾಮಾದಲ್ಲಿ ಅದರ ದೊಡ್ಡ ವೃತ್ತಿಪರ ತಂಡ ಒಂದೂ ಇಲ್ಲ. ಹಾಗಾಗಿ ಊರಿನ ಭಕ್ತಿಯೆಲ್ಲ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳ ತಂಡಗಳ ಮೇಲೆ ಸುರಿಯುತ್ತದೆ. ಟಸ್ಕಲೂಸಾದಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದ್ದು ಕಡುಗೆಂಪು ಬಣ್ಣ, ಆಬರ್ನ್‌ನದು ಕಿತ್ತಳೆ ಮತ್ತು ಕಡುನೀಲಿ. ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ, ಇವೆರಡೂ ಸೆಣಸುವ ಪಂದ್ಯಕ್ಕೆ ಐರನ್ ಬೌಲ್ ಎಂದು ಹೆಸರು. ಆ ದಿನ ಮದುವೆ ಇಟ್ಟುಕೊಂಡವನಿಗೆ ಅತಿಥಿಗಳು ಸಿಗುವುದಿಲ್ಲ.

ಮಾನ್ಯರೇ, ನಿಮ್ಮನ್ನು ಬೈಯುವ ಮೊದಲು ಹೊಗಳುತ್ತೇನೆ. ಈ ಪಂದ್ಯ ಇಂದು ಇರುವುದರಲ್ಲಿ ನಿಮ್ಮ ಹಿರಿಯರ ಪಾಲಿದೆ.

ಮೊದಲ ಪಂದ್ಯ ನಡೆದದ್ದು 1893ರ ಫೆಬ್ರುವರಿ 22ರಂದು, ಬರ್ಮಿಂಗ್‌ಹ್ಯಾಮ್‌ನಲ್ಲಿ. ಆಬರ್ನ್ 32–22ರಿಂದ ಗೆದ್ದಿತು. 1907ರ ಪಂದ್ಯ 6–6ರಲ್ಲಿ ಸಮವಾಯಿತು. ಮರುವರ್ಷದ ಮಾತುಕತೆಯಲ್ಲಿ ತಕರಾರು ಹುಟ್ಟಿತು. ಆಬರ್ನ್‌ನವರು 22 ಆಟಗಾರರನ್ನು ಕರೆತರುತ್ತೇವೆ, ತಲೆಗೆ ದಿನಕ್ಕೆ ಮೂರೂವರೆ ಡಾಲರ್ ಭತ್ಯೆ ಬೇಕು ಎಂದರು. ಅಲಬಾಮಾದವರು 20 ಜನ ಸಾಕು, ಮೂರು ಡಾಲರ್ ಸಾಕು ಎಂದರು. ಎರಡು ದಿನಕ್ಕೆ ಗುಣಿಸಿ ಕಳೆದು ನೋಡಿ: ಒಟ್ಟು ವ್ಯತ್ಯಾಸ 34 ಡಾಲರ್. ಜೊತೆಗೆ ತೀರ್ಪುಗಾರರನ್ನು ಎಲ್ಲಿಂದ ಕರೆಸಬೇಕು ಎಂಬ ಇನ್ನೊಂದು ಜಗಳ. ಎಲ್ಲ ಬಗೆಹರಿಯುವ ಹೊತ್ತಿಗೆ ಆಟದ ಋತುವೇ ಮುಗಿಯುತ್ತ ಬಂದಿತ್ತು. ಮುಂದಿನ ವರ್ಷ ನೋಡೋಣ ಎಂದುಕೊಂಡರು. ಆ ಮುಂದಿನ ವರ್ಷ ಬಂದದ್ದು 1948ರಲ್ಲಿ. ನಡುವೆ ಎರಡು ಮಹಾಯುದ್ಧಗಳು ಆಗಿಹೋದವು. ನಮ್ಮೂರುಗಳಲ್ಲಿ ಬದುವಿನ ಮೇಲಿನ ಒಂದು ಜಾಲಿಮರಕ್ಕಾಗಿ ಅಣ್ಣತಮ್ಮಂದಿರು ಮೂರು ತಲೆಮಾರು ಮಾತು ಬಿಡುವುದನ್ನು ಕಂಡವನಿಗೆ ಇದೇನೂ ಹೊಸದೆನಿಸಲಿಲ್ಲ.

1947ರಲ್ಲಿ ಅಲಬಾಮಾದ ಕೆಳಮನೆ ಒಂದು ನಿರ್ಣಯ ಮಾಡಿತು: ಎರಡೂ ಸಂಸ್ಥೆಗಳು ಮತ್ತೆ ಒಟ್ಟಿಗೆ ಆಡಬೇಕು. ಆಡಿದರೆ ಜನರಿಗೆ ಹುಚ್ಚು ಹೆಚ್ಚುತ್ತದೆ, ವಿದ್ಯೆಗೆ ಏನೂ ಪ್ರಯೋಜನವಿಲ್ಲ ಎಂಬುದು ಅದಕ್ಕೆ ಮೊದಲು ಟಸ್ಕಲೂಸಾದವರು ಹೇಳಿಕೊಂಡು ಬಂದಿದ್ದ ಕಾರಣ. (ಹುಚ್ಚಿನ ವಿಚಾರದಲ್ಲಿ ಅವರ ಭವಿಷ್ಯ ನಿಜವಾಯಿತೆಂದು ಒಪ್ಪಿಕೊಳ್ಳಲೇಬೇಕು.) ನಿರ್ಣಯಕ್ಕೆ ಯಾರೂ ಜಗ್ಗದಿದ್ದಾಗ ಅನುದಾನ ತಡೆಹಿಡಿಯುವ ಮಾತು ಬಂತು. ಅನುದಾನ ಎಂಬ ಶಬ್ದ ಕಿವಿಗೆ ಬಿದ್ದರೆ ಯಾವ ದೇಶದ ಕುಲಪತಿಯಾದರೂ ಎದ್ದು ಕೂರುತ್ತಾನೆ. ಎರಡೂ ಸಂಸ್ಥೆಗಳ ಅಧ್ಯಕ್ಷರು ಕುಳಿತು ಮಾತನಾಡಿದರು. 1948ರ ಡಿಸೆಂಬರ್ 4ರ ಬೆಳಿಗ್ಗೆ ಬರ್ಮಿಂಗ್‌ಹ್ಯಾಮ್‌ನ ಒಂದು ಉದ್ಯಾನದಲ್ಲಿ ಎರಡೂ ಕಡೆಯ ವಿದ್ಯಾರ್ಥಿ ಸಂಘದ ಅಧ್ಯಕ್ಷರು ನೆಲ ತೋಡಿ ನಿಜವಾದ ಒಂದು ಕೊಡಲಿಯನ್ನು ಹೂತರು. (ಹಗೆ ಮರೆತೆವು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಕೊಡಲಿ ಹೂತೆವು ಎನ್ನುತ್ತಾರೆ.) ಮಧ್ಯಾಹ್ನ ಲೀಜನ್ ಫೀಲ್ಡ್ ಕ್ರೀಡಾಂಗಣದಲ್ಲಿ ಅಲಬಾಮಾ 55–0ಯಿಂದ ಗೆದ್ದಿತು. ಆಬರ್ನ್‌ನವರು ಆ ಸಂಜೆಯೇ ಹೋಗಿ ಕೊಡಲಿಯನ್ನು ಅಗೆದು ತೆಗೆಯಲಿಲ್ಲ ಎಂಬುದೇ ದೊಡ್ಡದು. ಮರುವರ್ಷ 14–13ರಿಂದ ಗೆದ್ದು ಮುಯ್ಯಿ ತೀರಿಸಿಕೊಂಡರು.

ನಿಮ್ಮ ಹಿರಿಯರು ಮಾಡಿದ ಕೆಲಸದಲ್ಲಿ ನನಗೆ ಇಷ್ಟವಾಗುವುದು ಇಷ್ಟು: ಬಾಗಿಲು ತೆರೆಸಿದರು, ತೆರೆಸಿ ಪಕ್ಕಕ್ಕೆ ಸರಿದರು. ಯಾವ ಕಡೆ ಗೆಲ್ಲಬೇಕು ಎಂದು ಹೇಳಲಿಲ್ಲ.

ಇಷ್ಟವಾಗದ್ದೂ ಒಂದಿದೆ. ಅವರು ತೆರೆಸಿದ ಬಾಗಿಲು ಯಾರಿಗೆ? 1948ರಲ್ಲಿ ಆ ಎರಡೂ ವಿಶ್ವವಿದ್ಯಾಲಯಗಳಿಗೆ ಕರಿಯ ವಿದ್ಯಾರ್ಥಿಗಳಿಗೆ ಪ್ರವೇಶವೇ ಇರಲಿಲ್ಲ. 1956ರಲ್ಲಿ ಆಥರೀನ್ ಲೂಸಿ ಎಂಬ ಹೆಣ್ಣುಮಗಳು ನ್ಯಾಯಾಲಯದ ಆದೇಶ ಹಿಡಿದು ಟಸ್ಕಲೂಸಾಕ್ಕೆ ಬಂದರೆ ಮೂರು ದಿನ ತರಗತಿಗೆ ಹೋಗುವಷ್ಟರಲ್ಲಿ ಗುಂಪು ಕೂಡಿ ಗಲಭೆಯಾಯಿತು. ಹೊರಗೆ ಹಾಕಿದ್ದು ಗುಂಪನ್ನಲ್ಲ, ಅವಳನ್ನು. 1963ರಲ್ಲಿ ಗವರ್ನರ್ ಜಾರ್ಜ್ ವಾಲೇಸ್ ಸ್ವತಃ ಬಾಗಿಲಿಗೆ ಅಡ್ಡ ನಿಂತರು. ಅದು ಫಾಸ್ಟರ್ ಆಡಿಟೋರಿಯಂ, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಕಟ್ಟಡ. ಆಬರ್ನ್ ತಂಡದಲ್ಲಿ ಜೇಮ್ಸ್ ಓವೆನ್ಸ್, ಅಲಬಾಮಾದಲ್ಲಿ ವಿಲ್ಬರ್ ಜಾಕ್ಸನ್ ಮತ್ತು ಜಾನ್ ಮಿಚೆಲ್ ಆಡತೊಡಗಿದ್ದು 1970ರ ಆಚೀಚೆ. ಎರಡು ಬಿಳಿಯ ಕಾಲೇಜುಗಳು ಪರಸ್ಪರ ಆಡಬೇಕು ಎಂದು ಅನುದಾನ ಹಿಡಿದು ಹೆದರಿಸಿದ ಸಭೆಗೆ ಈ ಇನ್ನೊಂದು ಬಾಗಿಲು ಕಾಣಲಿಲ್ಲ. ಈ ಮಾತನ್ನು ಇಲ್ಲಿಗೆ ಬಿಡುತ್ತೇನೆ. ಮುಂದೆ ಮತ್ತೆ ಎತ್ತುತ್ತೇನೆ.

ಈಗ ನಿಮ್ಮ ಕಾಲಕ್ಕೆ ಬರೋಣ.

ಟಾಮಿ ಟ್ಯೂಬರ್ವಿಲ್ ಅವರು 1999ರಿಂದ 2008ರವರೆಗೆ ಆಬರ್ನ್ ಫುಟ್‌ಬಾಲ್ ತಂಡದ ಕೋಚ್ ಆಗಿದ್ದರು. 2002ರಿಂದ 2007ರವರೆಗೆ ಆರು ವರ್ಷ ಎಡೆಬಿಡದೆ ಅಲಬಾಮಾವನ್ನು ಸೋಲಿಸಿದರು. 2020ರಲ್ಲಿ ಅಮೆರಿಕದ ಸೆನೆಟ್‌ಗೆ ಆಯ್ಕೆಯಾದರು. ಆ ಚುನಾವಣೆಯ ಪ್ರಚಾರದಲ್ಲಿ ಡೊನಾಲ್ಡ್ ಟ್ರಂಪ್ ಅವರು ಫೋನಿನ ಮೂಲಕ ಭಾಷಣ ಮಾಡುತ್ತ ಅಲಬಾಮಾದ ಆಗಿನ ಕೋಚ್ ನಿಕ್ ಸೇಬನ್ ಅವರನ್ನು ಹೊಗಳಲು ಹೋಗಿ ಲೂ ಸೇಬನ್ ಎಂದುಬಿಟ್ಟರು. ಈ ರಾಜ್ಯದಲ್ಲಿ ಅದು ಮನೆದೇವರ ಹೆಸರು ತಪ್ಪಿ ಹೇಳಿದ ಹಾಗೆ. ಆದರೂ ಮತ ಬಿದ್ದವು. 2025ರ ಮೇ ತಿಂಗಳಲ್ಲಿ ಟ್ಯೂಬರ್ವಿಲ್ ಅವರು ಸೆನೆಟ್ ಸಾಕು, ಗವರ್ನರ್ ಹುದ್ದೆಗೆ ನಿಲ್ಲುತ್ತೇನೆ ಎಂದರು. ಅವರ ಕುರ್ಚಿ ಖಾಲಿಯಾಗುವುದು ಖಚಿತವಾಯಿತು.

ಆ ಕುರ್ಚಿಯ ಮೇಲೆ ಯಾರ ಕಣ್ಣು ಬಿತ್ತು ನೋಡಿ. ಆಬರ್ನ್‌ನ ಬ್ಯಾಸ್ಕೆಟ್‌ಬಾಲ್ ಕೋಚ್ ಬ್ರೂಸ್ ಪರ್ಲ್ ಅವರದು. ಅದೇ ಸೆಪ್ಟೆಂಬರಿನಲ್ಲಿ ಕೋಚ್ ಕೆಲಸದಿಂದ ನಿವೃತ್ತರಾಗುವಾಗ ಅವರು ಸೆನೆಟ್ ವಿಚಾರ ಯೋಚಿಸಿದ್ದೆ, ಆದರೆ ನಿಲ್ಲುವುದಿಲ್ಲ ಎಂದರು. ಅದೇ ತಿಂಗಳು, ದಶಕಗಳಿಂದ ಈ ಪೈಪೋಟಿಯನ್ನೇ ಮಾತಿನ ಬಂಡವಾಳ ಮಾಡಿಕೊಂಡು ಬಂದ ರೇಡಿಯೊ ನಿರೂಪಕ ಪಾಲ್ ಫೈನ್‌ಬಾಮ್ ಅವರು ನಾನೂ ನಿಲ್ಲಬೇಕೆಂದಿದ್ದೇನೆ ಎಂದರು. ವರ್ಷದ ಕೊನೆಗೆ ಕೈಬಿಟ್ಟರು. ದೇಶದ ಮೇಲ್ಮನೆಯ ಒಂದು ಸ್ಥಾನ. ಬಿಡುವವರು ಫುಟ್‌ಬಾಲ್ ಕೋಚ್. ಯೋಚಿಸಿದವರು ಒಬ್ಬ ಬ್ಯಾಸ್ಕೆಟ್‌ಬಾಲ್ ಕೋಚ್, ಒಬ್ಬ ಫುಟ್‌ಬಾಲ್ ಮಾತುಗಾರ. ಇವರು ಯಾರೂ ಅನರ್ಹರು ಎನ್ನುತ್ತಿಲ್ಲ. ನಟರನ್ನೂ ನಿರ್ಮಾಪಕರನ್ನೂ ಗೆಲ್ಲಿಸಿ ಕಳಿಸುವ ನಾಡಿನಿಂದ ಬಂದವನಿಗೆ ಆ ಮಾತು ಆಡುವ ಹಕ್ಕೂ ಇಲ್ಲ. ನಾನು ಹೇಳುವುದು ಇಷ್ಟೇ: ಆಟದ ದ್ವೇಷ ನಿಮಗೆ ಬಿಟ್ಟಿ ಸಿಗುವ ಇಂಧನ. ನೀವು ಅದರಲ್ಲಿ ಗಾಡಿ ಓಡಿಸುತ್ತೀರಿ. ಹೊಗೆ ಕುಡಿಯುವವರು ಬೇರೆ.

ಹೊಗೆ ಎಂದೆನಲ್ಲ, ಆಬರ್ನ್‌ನ ಮರಗಳ ಕಥೆ ನೆನಪಾಗುತ್ತದೆ.

ಆಬರ್ನ್ ಪಟ್ಟಣ ಮತ್ತು ವಿಶ್ವವಿದ್ಯಾಲಯ ಸೇರುವ ಮೂಲೆಗೆ ಟೂಮರ್ಸ್ ಕಾರ್ನರ್ ಎನ್ನುತ್ತಾರೆ. ಅಲ್ಲಿ ಎರಡು ಹಳೆಯ ಓಕ್ ಮರಗಳಿದ್ದವು. ತಂಡ ಗೆದ್ದ ದಿನ ಊರವರೆಲ್ಲ ಬಂದು ಟಾಯ್ಲೆಟ್ ಕಾಗದದ ಸುರುಳಿಗಳನ್ನು ಮರದ ಮೇಲೆ ಎಸೆಯುತ್ತಾರೆ. ಕೇಳಿದರೆ ವಿಚಿತ್ರ, ನೋಡಿದರೆ ಹಿಮ ಬಿದ್ದ ಹಾಗೆ, ಮುದುಕರ ಹೆಗಲ ಮೇಲೆ ಮೊಮ್ಮಕ್ಕಳು ಕುಳಿತು ಎಸೆಯುವಾಗ ಜಾತ್ರೆಯ ತೇರಿಗೆ ಬಾಳೆಹಣ್ಣು ಎಸೆದ ಹಾಗೆ. 2010ರ ನವೆಂಬರ್ 26ರಂದು ಟಸ್ಕಲೂಸಾದಲ್ಲಿ ಆಬರ್ನ್ 24–0ಯಿಂದ ಹಿಂದೆ ಬಿದ್ದು, ಕ್ಯಾಮ್ ನ್ಯೂಟನ್ ಎಂಬ ಆಟಗಾರನ ಬಲದಿಂದ 28–27ಕ್ಕೆ ಗೆದ್ದಿತು. ಎರಡು ತಿಂಗಳ ನಂತರ, 2011ರ ಜನವರಿ 27ರಂದು, ಫೈನ್‌ಬಾಮ್ ಅವರ ಕಾರ್ಯಕ್ರಮಕ್ಕೆ ಡೇಡ್‌ವಿಲ್‌ನ ಆಲ್ ಎಂದು ಹೇಳಿಕೊಂಡು ಒಬ್ಬ ಕರೆ ಮಾಡಿದ. ಆಬರ್ನ್‌ಗೆ ಹೋಗಿ ಆ ಮರಗಳಿಗೆ ವಿಷ ಹಾಕಿದ್ದೇನೆ, ಇನ್ನೂ ಸತ್ತಿಲ್ಲ, ಸತ್ತೇ ಸಾಯುತ್ತವೆ ಎಂದ. ಮರಕ್ಕೆ ವಿಷ ಹಾಕುವುದು ಅಪರಾಧವಲ್ಲವೇ ಎಂದು ನಿರೂಪಕರು ಕೇಳಿದರು. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುವವನೇ ಎಂದು ಅವನು ಅಲಬಾಮಾ ತಂಡದ ಜಯಘೋಷ ಕೂಗಿ ಫೋನ್ ಇಟ್ಟ.

ಈ ಕರೆಯನ್ನು ನಾನು ಕೇಳಿದ್ದು ಮುಂದಿನ ತಿಂಗಳು, ಮರುಪ್ರಸಾರದಲ್ಲಿ, ಟೈರ್ ಬದಲಿಸುವ ಅಂಗಡಿಯೊಂದರಲ್ಲಿ. ನನ್ನ ಕಾರು ಮೇಲಕ್ಕೆ ಎತ್ತಲ್ಪಟ್ಟಿತ್ತು. ಗೋಡೆಯ ಮೇಲಿನ ರೇಡಿಯೊ ಕೆಳಗೆ ಮೂವರು ಕೆಲಸಗಾರರು ಕೈಗೆ ಗ್ರೀಸ್ ಮೆತ್ತಿಕೊಂಡು ನಿಂತಿದ್ದರು. ಇಬ್ಬರು ನಕ್ಕರು. ಕಡುಗೆಂಪು ಟೋಪಿ ಹಾಕಿದ್ದ ಹಿರಿಯ ಮಾತ್ರ ನಗಲಿಲ್ಲ, ಪಾನಾ ಕೆಳಗಿಟ್ಟು, "ಮರ ಏನು ಮಾಡಿತ್ತು?" ಎಂದ. ಯಾರನ್ನೂ ಕೇಳಿದ್ದಲ್ಲ. ಆಮೇಲೆ ಹೋಗಿ ರೇಡಿಯೊ ಆರಿಸಿದ. ಆ ಅಂಗಡಿಯಲ್ಲಿ ರೇಡಿಯೊ ಆರಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಮಣ್ಣು ಪರೀಕ್ಷೆ ಮಾಡಿದಾಗ ಮಾತು ನಿಜವೆಂದು ತಿಳಿಯಿತು. ಸ್ಪೈಕ್ 80ಡಿಎಫ್ ಎಂಬ ಕಳೆನಾಶಕವನ್ನು ಬೇರಿಗೆ ಸುರಿದಿದ್ದ. ಹಾರ್ವೆ ಅಪ್‌ಡೈಕ್ ಎಂಬ ಆ ಮನುಷ್ಯ ಟೆಕ್ಸಸ್ ಪೊಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. 2013ರ ಮಾರ್ಚಿನಲ್ಲಿ ತಪ್ಪೊಪ್ಪಿಕೊಂಡು ಜೈಲು ಕಂಡ. ಸುಮಾರು 8 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಆದೇಶವಾಯಿತು, ಅದರ ಬಹುಪಾಲು ಬಾಕಿ ಇರುವಾಗಲೇ 2020ರಲ್ಲಿ ತೀರಿಕೊಂಡ. ಮರಗಳನ್ನು 2013ರ ಏಪ್ರಿಲ್‌ನಲ್ಲಿ ಕಡಿದರು. ಅಲಬಾಮಾ ತಂಡದ ಅಭಿಮಾನಿಗಳೇ ಗುಂಪು ಕಟ್ಟಿ ಆಬರ್ನ್ ಮರಗಳಿಗಾಗಿ ಹಣ ಕೂಡಿಸಿದ್ದೂ ನಡೆಯಿತು. ಆದರೆ ಅದರ ಸುದ್ದಿ ವಿಷದ ಸುದ್ದಿಯ ಕಾಲುಭಾಗವೂ ಹಬ್ಬಲಿಲ್ಲ.

ನ್ಯಾಯವಾಗಿ ಹೇಳಬೇಕು. ಆ ಕರೆ ಬರದೇ ಹೋಗಿದ್ದರೆ ಮರ ಏಕೆ ಒಣಗುತ್ತಿದೆ ಎಂಬುದು ತಿಳಿಯಲು ಇನ್ನಷ್ಟು ಕಾಲ ಹಿಡಿಯುತ್ತಿತ್ತು. ನಿರೂಪಕರು ವಿಷ ಹಾಕು ಎಂದವರಲ್ಲ. ಆದರೆ, ಮೈಕಿನ ಮುಂದಿನ ಮಹನೀಯರೇ, ಅವನು ಪೊಲೀಸರಿಗೆ ಹೇಳಲಿಲ್ಲ, ಪಾದ್ರಿಗೆ ಹೇಳಲಿಲ್ಲ, ಹೆಂಡತಿಗೆ ಹೇಳಿದನೋ ಇಲ್ಲವೋ, ನಿಮಗೆ ಹೇಳಿದ. ಏಕೆಂದರೆ ಅಂಥ ಮಾತಿಗೆ ಎಲ್ಲಿ ಬೆಲೆ ಇದೆ ಎಂಬುದು ಅವನಿಗೆ ಗೊತ್ತಿತ್ತು. ಬಂಧನವಾದ ಮೇಲೂ ಅದೇ ಕಾರ್ಯಕ್ರಮದಲ್ಲಿ ಮಾತನಾಡಿದ. ನಿಮ್ಮಲ್ಲಿ ಕೋಪ ಸರಕು. ಎರಡು ಕೋಪಗಳ ನಡುವೆ ಟ್ರಕ್ಕಿನ ಜಾಹೀರಾತು. ಸಮಾಧಾನದಿಂದ ಮಾತನಾಡುವವನನ್ನು ಎಷ್ಟು ಹೊತ್ತು ಸಾಲಿನಲ್ಲಿ ಕಾಯಿಸುತ್ತೀರಿ, ಚೀರುವವನನ್ನು ಎಷ್ಟು ಬೇಗ ಒಳಗೆ ಬಿಡುತ್ತೀರಿ ಎಂಬುದನ್ನು ನಿತ್ಯವೂ ಕಾರಿನಲ್ಲಿ ಕೇಳುವ ನಮಗೆ ನೀವು ಹೇಳಿಕೊಡಬೇಕಾಗಿಲ್ಲ.

ಈ ಖಾಯಿಲೆ ನಿಮ್ಮೊಬ್ಬರದೇ ಅಲ್ಲ. ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ತಂಡಗಳು 2011ರ ನಂತರ ಆಡುವುದನ್ನು ನಿಲ್ಲಿಸಿದಾಗ ಅಲ್ಲಿನ ಶಾಸಕರು 2013ರಲ್ಲೊಮ್ಮೆ, 2018ರಲ್ಲೊಮ್ಮೆ ಪಂದ್ಯವನ್ನು ಕಾನೂನಿನಿಂದಲೇ ಕಡ್ಡಾಯ ಮಾಡುವ ಮಸೂದೆ ತಂದರು; ಎರಡೂ ಬಿದ್ದುಹೋದವು. 2024ರಲ್ಲಿ ಪಂದ್ಯ ಮರಳಿ ಬಂದದ್ದು ಎರಡೂ ಒಂದೇ ಲೀಗಿಗೆ ಸೇರಿದ್ದರಿಂದ, ಅಂದರೆ ಟಿವಿ ಹಣದಿಂದ. 2023ರ ಡಿಸೆಂಬರಿನಲ್ಲಿ ಫ್ಲಾರಿಡಾ ಸ್ಟೇಟ್ ತಂಡ ಸೋಲನ್ನೇ ಕಾಣದಿದ್ದರೂ ಅಂತಿಮ ನಾಲ್ಕರಲ್ಲಿ ಸ್ಥಾನ ಸಿಗದಿದ್ದಾಗ ಗವರ್ನರ್ ಡಿಸ್ಯಾಂಟಿಸ್ ಅವರು ವ್ಯಾಜ್ಯಕ್ಕೆಂದು ಬಜೆಟ್ಟಿನಲ್ಲಿ 10 ಲಕ್ಷ ಡಾಲರ್ ಇಡುತ್ತೇನೆ ಎಂದರು. 2024ರಲ್ಲಿ ಮಿಷಿಗನ್ ಆಟಗಾರರು ಒಹಾಯೋ ಸ್ಟೇಟ್ ಮೈದಾನದ ನಡುವೆ ತಮ್ಮ ಬಾವುಟ ನೆಟ್ಟು ಹೊಡೆದಾಟವಾದಾಗ, ಹಾಗೆ ಬಾವುಟ ನೆಡುವುದನ್ನು ಗಂಭೀರ ಅಪರಾಧ ಮಾಡಬೇಕೆಂದು ಅಲ್ಲಿನ ಒಬ್ಬ ಶಾಸಕರು ಮಸೂದೆ ಬರೆದರು. ನನ್ನ ಕಾಲೇಜು ದಿನಗಳಲ್ಲಿ ಅಂತರ ಕಾಲೇಜು ಕಬಡ್ಡಿ ಪಂದ್ಯಾವಳಿಯನ್ನು ಉದ್ಘಾಟಿಸಲು ಬಂದ ನಮ್ಮ ಶಾಸಕರು ಯುವಶಕ್ತಿಯ ಬಗ್ಗೆ ಮಾತನಾಡುತ್ತ ಮಾತನಾಡುತ್ತ ಹೊತ್ತು ಮುಳುಗಿಸಿದರು. ಕೊನೆಯ ಪಂದ್ಯವನ್ನು ಅವರದೇ ಜೀಪಿನ ಹೆಡ್‌ಲೈಟ್ ಬೆಳಕಿನಲ್ಲಿ ಆಡಬೇಕಾಯಿತು. ನಾವು ಬೈದುಕೊಂಡೆವು. ಈಗ ಅನ್ನಿಸುತ್ತದೆ, ಅವರು ಕನಿಷ್ಠ ಬೆಳಕು ಕೊಟ್ಟರು.

ಆಟದ ವಿಷಯ ಬಂದರೆ ನೀವು ಎಷ್ಟು ಚುರುಕು ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸುವುದಕ್ಕೆ 2021ರ ಏಪ್ರಿಲ್‌ನಲ್ಲಿ ಅಲಬಾಮಾ ಕಾನೂನು ಮಾಡಿತು. ಬೇರೆ ಕಡೆಯ ನಿಯಮಗಳಿಗಿಂತ ನಮ್ಮ ಕಾನೂನೇ ಬಿಗಿಯಾಯಿತು, ಒಳ್ಳೆಯ ಆಟಗಾರರು ಬೇರೆ ರಾಜ್ಯಕ್ಕೆ ಹೋಗಿಬಿಡುತ್ತಾರೆ ಎಂಬ ಭಯ ಹುಟ್ಟಿತು. 2022ರ ಫೆಬ್ರುವರಿಯಲ್ಲಿ ಅದನ್ನು ರದ್ದು ಮಾಡಿದಿರಿ. ಹತ್ತು ತಿಂಗಳೂ ತುಂಬಿರಲಿಲ್ಲ. ಸರ್ಕಾರಿ ಯಂತ್ರ ನಿಧಾನ ಎಂದು ಇನ್ನು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆಗ ಬಿಟ್ಟ ಮಾತನ್ನು ಈಗ ಎತ್ತುತ್ತೇನೆ. ಸೋಫಾ ತಂದ ಹುಡುಗ ಹೇಳಿದ್ದು ತಪ್ಪು. ಈ ರಾಜ್ಯದಲ್ಲಿ ಮೂರನೆಯ ಕಡೆ ಇದೆ, ನಾಲ್ಕನೆಯದೂ ಇದೆ. ನನ್ನ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರಕ್ಕೆ ಅಲಬಾಮಾ ಎ ಅಂಡ್ ಎಂ ವಿಶ್ವವಿದ್ಯಾಲಯವಿದೆ. ಗುಲಾಮನಾಗಿ ಹುಟ್ಟಿದ ವಿಲಿಯಂ ಹೂಪರ್ ಕೌನ್ಸಿಲ್ 1875ರಲ್ಲಿ ಕಟ್ಟಿದ ಶಾಲೆ ಅದು. ಆಬರ್ನ್ ಬಿಳಿಯರಿಗೆ ಮಾತ್ರ ಮೀಸಲಾಗಿದ್ದರಿಂದ, 1890ರ ಕೇಂದ್ರ ಕಾನೂನಿನ ಪ್ರಕಾರ ಕರಿಯರಿಗೆ ಬೇರೆಯದೇ ಕೃಷಿ ಮತ್ತು ತಾಂತ್ರಿಕ ಕಾಲೇಜು ಇರಬೇಕಾಯಿತು, ಹಣವನ್ನು ನ್ಯಾಯವಾಗಿ ಹಂಚಬೇಕಾಯಿತು. ಆ ಪಾತ್ರ ಎ ಅಂಡ್ ಎಂಗೆ ಬಂತು. ಎದುರಾಳಿ ಅಲಬಾಮಾ ಸ್ಟೇಟ್ ವಿಶ್ವವಿದ್ಯಾಲಯ. ಅದು ಮಾಂಟ್ಗೊಮೆರಿಯಲ್ಲೇ ಇದೆ, ನಿಮ್ಮ ಸಭಾಂಗಣಕ್ಕೆ ಹತ್ತಿರ. ಇವೆರಡೂ ಮೊದಲು ಆಡಿದ್ದು 1924ರಲ್ಲಿ. ಅಕ್ಟೋಬರ್ ಕೊನೆಯ ಶನಿವಾರ ಬರ್ಮಿಂಗ್‌ಹ್ಯಾಮ್‌ನ ಲೀಜನ್ ಫೀಲ್ಡ್‌ನಲ್ಲಿ ನಡೆಯುವ ಈ ಪಂದ್ಯಕ್ಕೆ ಮ್ಯಾಜಿಕ್ ಸಿಟಿ ಕ್ಲಾಸಿಕ್ ಎಂದು ಹೆಸರು. 1948ರಲ್ಲಿ ನಿಮ್ಮ ಹಿರಿಯರು ಯಾವ ಅಂಗಳದಲ್ಲಿ ರಾಜಿ ಮಾಡಿಸಿದರೋ ಅದೇ ಅಂಗಳ. ಐರನ್ ಬೌಲ್ 1998ರ ನಂತರ ಆ ಊರು ಬಿಟ್ಟು ಹೋಯಿತು. ಇವರು ಬಿಡಲಿಲ್ಲ.

2023ರ ಸೆಪ್ಟೆಂಬರ್ 18ರಂದು ಅಮೆರಿಕದ ಶಿಕ್ಷಣ ಮತ್ತು ಕೃಷಿ ಕಾರ್ಯದರ್ಶಿಗಳು 16 ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆದರು. ಅಲಬಾಮಾಕ್ಕೂ ಒಂದು ಬಂತು. 1987ರಿಂದ 2020ರವರೆಗೆ ರಾಜ್ಯವು ಆಬರ್ನ್‌ನ ಪ್ರತಿ ವಿದ್ಯಾರ್ಥಿಗೆ ಖರ್ಚು ಮಾಡಿದಷ್ಟನ್ನೇ ಎ ಅಂಡ್ ಎಂನ ಪ್ರತಿ ವಿದ್ಯಾರ್ಥಿಗೂ ಮಾಡಿದ್ದರೆ ಆ ಸಂಸ್ಥೆಗೆ ಇನ್ನೂ ಸುಮಾರು 52.7 ಕೋಟಿ ಡಾಲರ್ ಸಿಗಬೇಕಿತ್ತು ಎಂಬುದು ಅದರ ಲೆಕ್ಕ. ಲೆಕ್ಕದ ವಿಧಾನದ ಮೇಲೆ ತಕರಾರು ಇರಬಹುದು. ತಕರಾರಾದರೂ ಆಗಲಿ ಎಂಬುದೇ ನನ್ನ ಮಾತು. ಆ ವಾರ ನಿಮ್ಮ ರೇಡಿಯೊಗಳಲ್ಲಿ ಇದ್ದದ್ದು ಬೇರೆ ವಿಷಯ: ಅಲಬಾಮಾ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಟ ನಡೆಸುವ ಆಟಗಾರ, ಜೇಲನ್ ಮಿಲ್ರೋನನ್ನು ಒಂದು ಪಂದ್ಯ ಹೊರಗೆ ಕೂರಿಸಿದ್ದು ಸರಿಯೋ ತಪ್ಪೋ. ಆಫೀಸಿಗೆ ಹೋಗಿ ಬರುವಾಗಲೆಲ್ಲ ಕೇಳಿದೆ. ಮಿಲ್ರೋ, ಮಿಲ್ರೋ, ಟ್ರಕ್ಕಿನ ಜಾಹೀರಾತು, ಮಿಲ್ರೋ. 52 ಕೋಟಿಯ ಬಗ್ಗೆ ಚೀರಿದ ಒಬ್ಬನ ಧ್ವನಿಯೂ ನನ್ನ ಕಿವಿಗೆ ಬೀಳಲಿಲ್ಲ. 34 ಡಾಲರಿಗೆ 41 ವರ್ಷ ಮುನಿಸಿಕೊಂಡ ರಾಜ್ಯ ಇದು!

ನನ್ನನ್ನು ಕ್ಲಾಸಿಕ್‌ಗೆ ಮೊದಲು ಕರೆದುಕೊಂಡು ಹೋದವರು ಪಕ್ಕದ ಮನೆಯ ಹಿರಿಯರು. ಎಪ್ಪತ್ತರ ದಶಕದಲ್ಲಿ ಎ ಅಂಡ್ ಎಂ ಬ್ಯಾಂಡಿನಲ್ಲಿ ದೊಡ್ಡ ಹಿತ್ತಾಳೆಯ ಕೊಂಬು ಹೆಗಲಿಗೆ ಸುತ್ತಿಕೊಂಡು ಊದುತ್ತಿದ್ದವರು, ಶಾಲಾ ಬಸ್ ಚಾಲಕರಾಗಿ ನಿವೃತ್ತರಾದವರು. ಹೊರಡುವ ಬೆಳಿಗ್ಗೆ ನಾನು ಕೆಂಪು ಅಂಗಿ ತೊಟ್ಟು ಕಾರಿನ ಬಳಿ ನಿಂತಿದ್ದೆ. ಅವರು ಮೇಲಿಂದ ಕೆಳಗೆ ನೋಡಿ, ಏನೂ ಅನ್ನದೆ ಒಳಗೆ ಹೋಗಿ ಒಂದು ಟೋಪಿ ತಂದು ನನ್ನ ತಲೆಯ ಮೇಲಿಟ್ಟರು. "ನಿಮ್ಮದು ಟಸ್ಕಲೂಸಾದ ಕೆಂಪು," ಎಂದರು. "ಇದು ಮರೂನ್." ಅವೆರಡರ ನಡುವಿನ ವ್ಯತ್ಯಾಸ ಅಲ್ಲಿಯವರೆಗೆ ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು.

ಕ್ರೀಡಾಂಗಣದ ಸುತ್ತ ಹುಲ್ಲಿನ ಮೇಲೆ ಮೈಲುಗಟ್ಟಲೆ ಡೇರೆಗಳು, ಮಾಂಸ ಬೇಯುವ ಹೊಗೆ, ಇಪ್ಪತ್ತು ವರ್ಷದ ನಂತರ ಭೇಟಿಯಾದವರ ಅಪ್ಪುಗೆಗಳು. ನಾವು ಒಯ್ದಿದ್ದ ಕೋಡುಬಳೆಯ ಡಬ್ಬಿ ಕೈಯಿಂದ ಕೈಗೆ ದಾಟುತ್ತ ಎದುರು ತಂಡದ ಡೇರೆಗೂ ಹೋಗಿ ಖಾಲಿಯಾಗಿ ಬಂತು, ಒಳಗೆ ಎರಡು ತುಂಡು ಜೋಳದ ರೊಟ್ಟಿ ಇಟ್ಟುಕೊಂಡು. (ನಮ್ಮ ಬಿಳಿಜೋಳದ್ದಲ್ಲ, ಮುಸುಕಿನ ಜೋಳದ್ದು, ಸಿಹಿ.) ಅರ್ಧವಿರಾಮದಲ್ಲಿ ಕಾಫಿ ತರಲು ಎದ್ದೆ. ಹಿರಿಯರು ನನ್ನ ತೋಳು ಹಿಡಿದು ಕೂರಿಸಿದರು. ಸುತ್ತ ನೋಡಿದರೆ ಒಬ್ಬರೂ ಎದ್ದಿಲ್ಲ. ಐರನ್ ಬೌಲ್‌ನಲ್ಲಿ ಆ ಹೊತ್ತಿಗೆ ಶೌಚಾಲಯದ ಮುಂದೆ ಸಾಲು. ಇಲ್ಲಿ ಎರಡೂ ಬ್ಯಾಂಡುಗಳು ಒಂದರ ನಂತರ ಒಂದು ಮೈದಾನಕ್ಕಿಳಿದವು. ಹಿತ್ತಾಳೆ ಎದ್ದು ನಿಂತು ಮಾತನಾಡಿದರೆ ಹೇಗಿರುತ್ತದೋ ಹಾಗಿತ್ತು. ಹಿರಿಯರ ಬೆರಳುಗಳು ಮೊಣಕಾಲಿನ ಮೇಲೆ ಇಲ್ಲದ ಗುಂಡಿಗಳನ್ನು ಒತ್ತುತ್ತಿದ್ದವು. ಎದುರಾಳಿ ಬ್ಯಾಂಡು ಮುಗಿಸಿದಾಗ ಒಂದು ಚಪ್ಪಾಳೆ ಮಾತ್ರ ತಟ್ಟಿ, "ಅಷ್ಟೇನೂ ಕೆಟ್ಟದಾಗಿಲ್ಲ," ಎಂದರು. ಅವರ ಬಾಯಿಂದ ಆ ತಂಡಕ್ಕೆ ಸಿಕ್ಕ ದೊಡ್ಡ ಬಿರುದು ಅದು.

ಪೈಪೋಟಿ ನನಗೆ ಬೇಡವೆಂದಲ್ಲ. ನವೆಂಬರಿನಲ್ಲಿ ನಾನೂ ಒಂದು ಕಡೆಯವನೇ. ಯಾವ ಕಡೆ ಎಂದು ಇಲ್ಲಿ ಬರೆದರೆ ಆಫೀಸಿನ ಅರ್ಧ ಜನ ಊಟಕ್ಕೆ ಕರೆಯುವುದಿಲ್ಲ. ನಿಮ್ಮ ನಡುವೆಯೇ ಒಂದು ಚೆಂದದ ಪದ್ಧತಿ ಇದೆ. ಐರನ್ ಬೌಲ್ ಗೆದ್ದವರಿಗೆ ಫಾಯ್ ಹೆಸರಿನ ಪಾರಿತೋಷಕವನ್ನು ಆಮೇಲೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ಅರ್ಧವಿರಾಮದಲ್ಲಿ ಕೊಡುತ್ತಾರೆ, ಆಗ ಸೋತ ಕಡೆಯ ವಿದ್ಯಾರ್ಥಿ ಸಂಘದ ಅಧ್ಯಕ್ಷರು ಗೆದ್ದವರ ಹೋರಾಟಗೀತೆಯನ್ನು ಎಲ್ಲರೆದುರು ಹಾಡಬೇಕು. ಇಪ್ಪತ್ತರ ಹುಡುಗ ಹುಡುಗಿಯರು ಕೆಂಪಗಾಗಿ, ಅಪಸ್ವರದಲ್ಲಿ, ಹಾಡುತ್ತಾರೆ. ಆ ಪಾಲನ್ನು ಶಾಸಕರಿಗೂ ವಿಸ್ತರಿಸಿದರೆ ಟಿಕೆಟ್ ಎಷ್ಟಾದರೂ ಕೊಂಡು ನೋಡುತ್ತೇನೆ.

ನಾನು ಕೇಳುವುದು ಹೆಚ್ಚಲ್ಲ. 1947ರದರಂಥ ಇನ್ನೊಂದು ನಿರ್ಣಯ ಬರೆಯಿರಿ, ಈ ಸಲ ಆಟದ ಬಗ್ಗೆ ಅಲ್ಲ, ಎ ಅಂಡ್ ಎಂ ಲೆಕ್ಕದ ಬಗ್ಗೆ; 52.7 ಕೋಟಿ ತಪ್ಪೆನಿಸಿದರೆ ಸರಿಯಾದ ಅಂಕಿ ಎಷ್ಟೆಂದು ಸಭೆಯ ಮುಂದಿಡಿ. ಅನುದಾನ ಎಂಬ ಶಬ್ದವನ್ನು ಹೆದರಿಸುವುದಕ್ಕೆ ಬಳಸಿ ನಿಮಗೆ ಅಭ್ಯಾಸವಿದೆ. ಕೊಡುವುದಕ್ಕೂ ಬಳಸಿ ನೋಡಿ. ರೇಡಿಯೊದವರು ಅಕ್ಟೋಬರಿನ ಒಂದೇ ಒಂದು ಮಧ್ಯಾಹ್ನ ಫೋನ್ ಸಾಲುಗಳನ್ನು ಈ ಎರಡು ಕಾಲೇಜುಗಳ ಹಳೆಯ ವಿದ್ಯಾರ್ಥಿಗಳಿಗೆ ಬಿಡಿ. ಅವರೂ ಚೀರುತ್ತಾರೆ, ಹೆದರಬೇಡಿ, ಟ್ರಕ್ಕಿನ ಜಾಹೀರಾತಿಗೆ ನಷ್ಟವಾಗದು.

ಅಕ್ಟೋಬರ್ ಕೊನೆಯ ಶನಿವಾರ ನಾವು ಲೀಜನ್ ಫೀಲ್ಡ್‌ನ ಹೊರಗೆ ಡೇರೆ ಹಾಕಿರುತ್ತೇವೆ. ಮರೂನ್ ಬಟ್ಟೆಯ ಮೇಲೆ ಸ್ಟೀಲ್ ಡಬ್ಬಿ ಕಂಡರೆ ಅದು ನಮ್ಮದು. ಬನ್ನಿ, ಕೋಡುಬಳೆ ಇರುತ್ತದೆ. ಮೈಕ್ ತರಬೇಡಿ. ನೀವು ಕಡುಗೆಂಪು ಅಂಗಿಯಲ್ಲಿ ಬಂದರೂ ಕಿತ್ತಳೆ ಅಂಗಿಯಲ್ಲಿ ಬಂದರೂ ತೊಂದರೆಯಿಲ್ಲ, ಹಿರಿಯರ ಬಳಿ ಇನ್ನೂ ಟೋಪಿಗಳಿವೆ.

ಇಂತಿ ತಮ್ಮ,
ಹಂಟ್ಸ್‌ವಿಲ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ